ಮದುವೆಗೆಂದು ಕೊಂಡ ಹಂಡೆ

ಬ್ರೆಕ್ಕೆ, ವೋಸ್
೮ ಫೆಬ್ರವರಿ ೧೯೫೯

ಪ್ರೀತಿಯ ಸಿನ್ನೆವಾ,

ನಿನ್ನ ಮದುವೆ ಗೊತ್ತಾದ ಸುದ್ದಿ ಬಂದ ಮರುದಿನವೇ ನಾನು ಕಂಚುಗಾರನ ಅಂಗಡಿಗೆ ಹೋಗಿ ಬಂದೆ. ಈ ಟೊನ್ನೆಸ್ ಎಂಬ ಹುಡುಗ ಎಂಥವನು, ದೋಣಿ ಕಟ್ಟುವ ಕೆಲಸದಲ್ಲಿ ಹೊಟ್ಟೆ ತುಂಬುತ್ತದೆಯೇ, ಸಿಟ್ಟು ಜಾಸ್ತಿಯೋ ಕಡಿಮೆಯೋ ಎಂದೆಲ್ಲ ವಿಚಾರಿಸುವ ಕೆಲಸವನ್ನು ನಿನ್ನ ರಾಗ್ನಾ ಅತ್ತೆಗೆ ಬಿಟ್ಟಿದ್ದೇನೆ. ಅದರಲ್ಲಿ ನನ್ನ ಅಕ್ಕನನ್ನು ಮೀರಿಸುವವರು ಈ ಕಣಿವೆಯಲ್ಲಿ ಇನ್ನೂ ಹುಟ್ಟಿಲ್ಲ. ನನ್ನ ಪಾಲಿನ ಕೆಲಸ ಹಂಡೆ.

ಅಜ್ಜನ ಕಾಲದ ಹಂಡೆ ಮನೆಮಟ್ಟಿಗೆ ಸಾಕು. ಕ್ರಿಸ್‌ಮಸ್‌ಗೆ, ಹುಲ್ಲು ಕೊಯ್ಯಲು ಬರುವವರಿಗೆ ಅದರಲ್ಲೇ ಬಿಯರ್ ಕಾಯಿಸಿಕೊಂಡು ಬಂದಿದ್ದೇವೆ. ಮಗಳ ಮದುವೆ ಎಂದರೆ ಹಾಗಲ್ಲ, ಕೆರೆಯ ಎರಡೂ ದಂಡೆಯ ಜನ ಬರುತ್ತಾರೆ. ಕಂಚುಗಾರ ಕೇಳಿದ: “ಎಷ್ಟು ಪೀಪಾಯಿ ಬಿಯರ್ ಬೇಕು ಮೊನ್ಸಣ್ಣ? ಅಷ್ಟು ಹಿಡಿಯೋ ಹಂಡೆ ಕೊಡ್ತೀನಿ.”

“ಅಯ್ಯೋ ಪುಣ್ಯಾತ್ಮ, ನಿನ್ನ ಈ ಲೆಕ್ಕ ಕೇಳಿಯೇ ಅಲ್ವೇನೋ ಯೆರ್ಮುನ್ ಹಾಳಾಗಿದ್ದು!” ಎಂದೆ.

ಪಕ್ಕದ ಮನೆ ಯೆರ್ಮುನ್‌ನ ಕಥೆ ನಿನಗೆ ಗೊತ್ತಿದ್ದರೂ ಇನ್ನೊಮ್ಮೆ ಹೇಳುತ್ತೇನೆ, ಹೇಳುವಾಗ ನನಗೆ ಖುಷಿಯಾಗುತ್ತದೆ. ತಮ್ಮನ ಮದುವೆಗೆಂದು ಅವನು ಪೀಪಾಯಿಯ ಅಳತೆ ನೋಡಿ ಹಂಡೆ ಕೊಂಡ. ಮೊಳಕೆ ಬಾರ್ಲಿಯ ಸಿಹಿರಸವನ್ನು ಬೆಳಗಿನಿಂದ ದನ ಮನೆಗೆ ಬರುವವರೆಗೂ ಕುದಿಸಬೇಕು, ಅರ್ಧಕ್ಕರ್ಧ ಆವಿಯಾಗಿ ಹೋಗುತ್ತದೆ ಎನ್ನುವುದು ಆ ಮಹಾಶಯನಿಗೆ ಹೊಳೆಯಲೇ ಇಲ್ಲ. ಮದುಮಗಳ ಕುಣಿತ ಶುರುವಾಗುವ ಮೊದಲೇ ಬಟ್ಟಲುಗಳು ಒಣಗಿದವು. ಅಂದಿನಿಂದ ಅವನು ಅರ್ಧಹಂಡೆ ಯೆರ್ಮುನ್. ಅವನ ಮೊಮ್ಮಕ್ಕಳನ್ನೂ ಜನ ಹಾಗೆಯೇ ಕರೆಯುತ್ತಾರೆ, ನೋಡುತ್ತಿರು.

ಆದ್ದರಿಂದ ಕುಡಿಯುವ ಬಿಯರಿನ ಎರಡರಷ್ಟು ಹಿಡಿಯಬೇಕು, ಅದರ ಮೇಲೆ ನೊರೆ ಏಳಲು ನಾಲ್ಕು ಬೆರಳು ಜಾಗ ಇರಬೇಕು. ಅಂಥದ್ದನ್ನೇ ಮಾಡಿಸಿದ್ದೇನೆ. ಒಲೆಮನೆಯಲ್ಲಿ ಬೋರಲು ಹಾಕಿದ್ದೇನೆ, ಒಳಗೆ ನಿನ್ನ ಅತ್ತೆಯನ್ನು ಕೂರಿಸಿ ಮುಚ್ಚಬಹುದು. ಕಾಯಿಸಿದ ರಸವನ್ನು ಹುಳಿಯಿಡುವ ಮರದ ಬಾನಿ ಮಾತ್ರ ಹಳೆಯದೇ. ನನ್ನ ಮುತ್ತಜ್ಜನ ಬಾನಿಗಿಂತ ಒಳ್ಳೆಯದನ್ನು ಈಗಿನವರು ಮಾಡಲಾರರು. ನಿನ್ನೆ ಘಮದ ಜುನಿಪರ್ ಪೊದೆಯ ಕೊಂಬೆ ಕುದಿಸಿದ ನೀರು ಹಾಕಿ ಅದನ್ನು ತೊಳೆಯುವಾಗ ನಿನ್ನ ನೆನಪಾಯಿತು. ಚಿಕ್ಕವಳಿದ್ದಾಗ ಸಾಬೂನಿನ ಕೈಯಲ್ಲಿ ಬಾನಿ ಮುಟ್ಟಿದೆ ಎಂದು ಅತ್ತೆ ಸೌಟಿನಿಂದ ಹೊಡೆದದ್ದು, ನೀನು ಕೊಟ್ಟಿಗೆಯಲ್ಲಿ ಅಡಗಿ ಕೂತದ್ದು. ನಿನ್ನ ಅಮ್ಮ ಹೋದ ಮೇಲೆ ನಿನಗೆ ಬಿದ್ದ ಮೊದಲ ಏಟು ಅದು. ಬಾನಿಗೆ ಸಾಬೂನು ತಾಗಿದರೆ ನೊರೆ ಸತ್ತ ಹಾಗೆಯೇ ಎಂದು ಆಮೇಲೆ ನೀನೇ ಊರಿಗೆಲ್ಲ ಪಾಠ ಹೇಳುತ್ತಿದ್ದೆ.

ತಾರೀಖು ಯಾವಾಗ, ಬರೆ.

ನಿನ್ನ ಅಪ್ಪ,
ಮೊನ್ಸ್

———

ಮಾಂಡಾಲ್
೧ ಮಾರ್ಚ್ ೧೯೫೯

ಪ್ರೀತಿಯ ಅಪ್ಪ,

ನಿನ್ನ ಪತ್ರವನ್ನು ನಾನು ಕಲಿಸುವ ಹೊಲಿಗೆ ತರಗತಿಯ ಮಧ್ಯೆ ಓದಿ ನಕ್ಕುಬಿಟ್ಟೆ. ಹುಡುಗಿಯರೆಲ್ಲ ಸೂಜಿ ಬಿಟ್ಟು ನನ್ನ ಮುಖ ನೋಡಿದರು.

ಮದುವೆ ಜೂನ್ ತಿಂಗಳಲ್ಲಿ. ಆದರೆ ಅಪ್ಪ, ವೋಸ್‌ನಲ್ಲಿ ಮಾಡಲು ಆಗುವುದಿಲ್ಲ ಎನಿಸುತ್ತದೆ. ಟೊನ್ನೆಸ್‌ನ ಅಜ್ಜಿಗೆ ಅಷ್ಟು ದೂರ ಬರಲಾಗದು. ಇಲ್ಲಿ ಮಾಂಡಾಲ್‌ನಲ್ಲೇ ಇಟ್ಟುಕೊಳ್ಳೋಣ ಎಂದು ಅವನ ಅಪ್ಪ ಸಾಲ್ವೆ ಹೇಳಿದರು. ನಾನು ಒಪ್ಪಿಕೊಂಡೆ. ಹೆಣ್ಣಿನ ಮನೆಯಲ್ಲಿ ಆಗಬೇಕಾದದ್ದು, ನನಗೆ ಗೊತ್ತು. ಬೇಸರ ಮಾಡಿಕೊಳ್ಳಬೇಡ.

ಹಂಡೆಯ ವಿಷಯದಲ್ಲಿ ಅವಸರ ಮಾಡಬೇಡ. ಇಲ್ಲಿಯ ಮಂಜು ಕರಗಿದೆ. ಟೊನ್ನೆಸ್ ಹೊಸ ದೋಣಿಗೆ ಹಲಗೆ ಕೂರಿಸುತ್ತಿದ್ದಾನೆ.

ನಿನ್ನ
ಸಿನ್ನೆವಾ

———

ಬ್ರೆಕ್ಕೆ
೧೫ ಮಾರ್ಚ್ ೧೯೫೯

ಪ್ರೀತಿಯ ಮಗಳೇ,

ಅವಸರ ಮಾಡಬೇಡ ಎಂದೆ. ಹಂಡೆ ಆಗಲೇ ಬಂದು ಕೂತಿದೆಯಲ್ಲ, ಏನು ಮಾಡಲಿ!

ಅಜ್ಜಿಗೆ ಬರಲಾಗದಿದ್ದರೆ ಬಿಯರಿಗೆ ಬರಲಾಗುತ್ತದೆ. ಇಲ್ಲೇ ಕಾಯಿಸಿ, ಪೀಪಾಯಿಗೆ ತುಂಬಿಸಿ, ರೈಲಿನಲ್ಲಿ ಬರ್ಗೆನ್‌ವರೆಗೆ, ಅಲ್ಲಿಂದ ಹಡಗಿನಲ್ಲಿ. ಕುಲುಕಿದರೆ ಕೆಡುತ್ತದೆ ಎಂದು ಯೆರ್ಮುನ್ ಹೆದರಿಸುತ್ತಾನೆ. ಅವನ ಮಾತು ಯಾರು ಕೇಳುತ್ತಾರೆ? ನಿಮ್ಮ ಕಡೆ ಎಷ್ಟು ಜನ ಕುಡಿಯುವವರು ಎಂದು ಮಾತ್ರ ಬರೆ. ಅಜ್ಜಿಯನ್ನೂ ಲೆಕ್ಕಕ್ಕೆ ಸೇರಿಸು, ಮುದುಕಿಯರನ್ನು ನಂಬುವ ಹಾಗಿಲ್ಲ.

ಅಪ್ಪ

———

ಬ್ರೆಕ್ಕೆ
೫ ಏಪ್ರಿಲ್ ೧೯೫೯

ಸಿನ್ನೆವಾ,

ಉತ್ತರ ಬರಲಿಲ್ಲ. ಹುಷಾರಿಲ್ಲವೇ? ಬಾರ್ಲಿ ಮೊಳಕೆಗೆ ಹಾಕಬೇಕು, ಜನರ ಲೆಕ್ಕ ತಿಳಿದರೆ ಅನುಕೂಲ.

ಅಪ್ಪ

———

ಮಾಂಡಾಲ್
೧೯ ಏಪ್ರಿಲ್ ೧೯೫೯

ಪ್ರೀತಿಯ ಅಪ್ಪ,

ಬಾರ್ಲಿ ಹಾಕಬೇಡ.

ಇದನ್ನು ಮೊದಲ ಪತ್ರದಲ್ಲೇ ಬರೆಯಬೇಕಿತ್ತು. ಅಜ್ಜಿಗೆ ಪ್ರಯಾಣ ಆಗದು ಎಂದದ್ದು ಸುಳ್ಳಲ್ಲ, ಆದರೆ ಕಾರಣ ಅದಲ್ಲ. ಟೊನ್ನೆಸ್‌ನ ಮನೆಯವರು ಪ್ರಾರ್ಥನಾಮಂದಿರದ ಜನ. ಸಾಲ್ವೆ ಅಲ್ಲಿಯ ಹಿರಿಯರು, ಭಾನುವಾರ ಅವರೇ ಉಪದೇಶ ಮಾಡುವುದು. ಮನೆಯಲ್ಲಿ ಒಂದು ಹನಿ ಮದ್ಯ ಇಲ್ಲ. ಬಿಯರ್ ಎಂಬ ಮಾತೂ ಇಲ್ಲ. ಮದುವೆ ಊಟ ಮಂದಿರದ ಸಭಾಂಗಣದಲ್ಲಿ, ಊಟದ ಮೇಲೆ ಕಾಫಿ.

ನಿಶ್ಚಿತಾರ್ಥದ ದಿನ ಸಾಲ್ವೆ ನನ್ನನ್ನು ಕೇಳಿದರು: “ನಿಮ್ಮ ತಂದೆಯವರು ಏನ್ ಮಾಡ್ಕೊಂಡಿದಾರಮ್ಮಾ?” ಕುರಿ ಸಾಕುತ್ತಾರೆ ಎಂದೆ. ನಮ್ಮ ಕಣಿವೆಯಲ್ಲಿ ನಿನ್ನನ್ನು ಯಾರಾದರೂ ಕುರಿ ಸಾಕುವ ಮೊನ್ಸ್ ಎಂದು ಕರೆದದ್ದುಂಟೇ? ಯಾರ ಮನೆಯಲ್ಲಿ ಮದುವೆಯಾದರೂ, ಯಾರು ಸತ್ತರೂ, ಬಿಯರ್ ಕಾಯಿಸಲು ಮೊದಲು ಕರೆಯುವುದು ನಿನ್ನನ್ನು. ಅದನ್ನು ಆ ಊಟದ ಮೇಜಿನ ಮುಂದೆ ಹೇಳಲು ನನಗೆ ನಾಚಿಕೆಯಾಯಿತು. ನಿನ್ನ ಬಗ್ಗೆ ನಾಚಿಕೆಯಾಯಿತು ಎನ್ನುವುದಕ್ಕೆ ಈಗ ಇನ್ನೂ ಹೆಚ್ಚು ನಾಚಿಕೆಯಾಗುತ್ತಿದೆ.

ಬಯ್ಯುವುದಿದ್ದರೆ ಬಯ್ದು ಬರೆ.

ಸಿನ್ನೆವಾ

———

ಬ್ರೆಕ್ಕೆ
೩ ಮೇ ೧೯೫೯

ಪ್ರೀತಿಯ ಸಿನ್ನೆವಾ,

ಬಯ್ಯಲು ಕೂತೆ, ಬರಲಿಲ್ಲ.

ಅವರವರ ಮನೆ, ಅವರವರ ಪದ್ಧತಿ. ಕುಡಿದು ಹಾಳಾದವರನ್ನು ನಾನೂ ನೋಡಿದ್ದೇನೆ, ಆ ಸಾಲ್ವೆ ಏನು ನೋಡಿದ್ದಾನೋ ನಮಗೇನು ಗೊತ್ತು. ನಾನೂ ಕುರಿ ಸಾಕುತ್ತೇನಲ್ಲ, ಅದೇನು ಸುಳ್ಳಲ್ಲ.

ಒಂದು ಮಾತು ಮಾತ್ರ ಇದೆ. ಪ್ರಾರ್ಥನಾಮಂದಿರದವರು ಊಟ ಮಾಡುತ್ತಾರೆ ತಾನೆ? ಅಷ್ಟು ಜನಕ್ಕೆ ಮಾಂಸದ ಸಾರು ಮಾಡಲು ದೊಡ್ಡ ಪಾತ್ರೆ ಬೇಕಲ್ಲ. ಹಂಡೆ ಹೊಸದು, ಒಂದು ಸಲವೂ ಬಿಯರ್ ಮುಟ್ಟಿಲ್ಲ. ನಿನ್ನ ಮದುವೆಗೆಂದು ಕೊಂಡದ್ದು ನಿನ್ನ ಮದುವೆಗೆ ಬರಲಿ. ತಾಮ್ರ ತಗ್ಗಾಗದ ಹಾಗೆ ಹಳೇ ಬಾನಿಯೊಳಗೆ ಹುಲ್ಲು ತುಂಬಿ ಅದರಲ್ಲಿ ಕೂರಿಸಿ ತರುತ್ತೇನೆ. ಬೇಡ ಎಂದರೆ ಬೇಡ ಎಂದು ಬರೆ.

ಅಪ್ಪ

ನಿನ್ನ ಅತ್ತೆ ಬರೆಯುತ್ತಿದ್ದೇನೆ. ಇವನು ಬೇಸರವಿಲ್ಲ ಎಂದು ಬರೆದಿರುತ್ತಾನೆ. ಒಲೆಮನೆಯಲ್ಲಿ ಕೂತು ಹಂಡೆಯನ್ನು ಉಜ್ಜಿದ್ದೇ ಉಜ್ಜಿದ್ದು. ಕೇಳಿದರೆ “ಸಾರು ಹೊಳೀಬೇಕಲ್ಲ ಕಣೆ” ಅನ್ನುತ್ತಾನೆ. — ರಾಗ್ನಾ

———

ಮಾಂಡಾಲ್
೧೭ ಮೇ ೧೯೫೯

ಪ್ರೀತಿಯ ಅಪ್ಪ,

ತೆಗೆದುಕೊಂಡು ಬಾ. ಇಲ್ಲಿ ಅಷ್ಟು ದೊಡ್ಡ ಪಾತ್ರೆ ಯಾರ ಬಳಿಯೂ ಇಲ್ಲ, ಟೊನ್ನೆಸ್‌ನ ಅಮ್ಮ ಸೆರೀನೆ ಅದೇ ಚಿಂತೆಯಲ್ಲಿದ್ದರು. ಹಂಡೆ ಬರುತ್ತದೆ ಎಂದಾಗ ಅವರ ಮುಖ ಅರಳಿತು.

ಅದು ಏತಕ್ಕೆ ಕೊಂಡ ಹಂಡೆ ಎಂದು ಯಾರಾದರೂ ಕೇಳಿದರೆ ಉತ್ತರವನ್ನು ನನಗೆ ಬಿಡು. ನೀನು ಏನೂ ಹೇಳುವುದು ಬೇಡ.

ನಿನ್ನ
ಸಿನ್ನೆವಾ

———

ಬ್ರೆಕ್ಕೆ
೨೮ ಜೂನ್ ೧೯೫೯

ಪ್ರೀತಿಯ ಮಗಳೇ,

ಕ್ಷೇಮವಾಗಿ ಊರು ಸೇರಿದೆವು. ಹಡಗಿನಲ್ಲಿ ನಿನ್ನ ಅತ್ತೆ ಹೊಟ್ಟೆ ತೊಳಸಿ ಮಲಗಿದ್ದಳು, ನಾನು ಮೇಲೆ ನಿಂತು ನೀರು ನೋಡುತ್ತ ಬಂದೆ.

ಟೊನ್ನೆಸ್ ಒಳ್ಳೆಯ ಹುಡುಗ. ಮರದ ವಿಷಯ ಕೇಳಿದರೆ ಮಾತಾಡುತ್ತಾನೆ, ಬೇರೆ ವಿಷಯಕ್ಕೆ ನಗುತ್ತಾನೆ. ಅಷ್ಟು ಸಾಕು. ಸಾಲ್ವೆಯ ಉಪದೇಶ ಉದ್ದವಾಯಿತು, ಆದರೆ ನಿನ್ನ ಹೆಸರು ಹೇಳುವಾಗ ಅವರ ದನಿ ನಡುಗಿದ್ದನ್ನು ಕೇಳಿದೆ. ಸಾರು ಹಂಡೆಯ ತಳ ಕಾಣುವವರೆಗೂ ಖಾಲಿಯಾಯಿತಲ್ಲ, ಅಳತೆ ಸರಿಯಾಗಿಯೇ ಇತ್ತು ನೋಡು.

ಸೆರೀನೆಯವರು ಸೌಟು ಹಿಡಿದು, “ಇಷ್ಟ್ ದೊಡ್ ಹಂಡೆ ಏನಕ್ ಇಟ್ಕೊಂಡಿದೀರಿ ಬೀಗ್ರೇ?” ಎಂದು ಕೇಳಿದಾಗ ನಾನು ಬಾಯಿ ತೆರೆದಿರಲಿಲ್ಲ. ನೀನು ಹೇಳಿದಂತೆ ನಿನಗೇ ಬಿಟ್ಟಿದ್ದೆ. “ಬಟ್ಟೆ ಒಗೆಯೋದಕ್ಕೆ” ಎಂದೆ ನೀನು. ಅವರು ನನ್ನ ಕಡೆ ತಿರುಗಿದರು, ನೀನೂ ತಿರುಗಿದೆ. ನಿನ್ನ ಮುಖ ನೋಡಿ, “ಹೌದಮ್ಮ, ನಮ್ಮಲ್ಲಿ ಕೊಳೆ ಬಟ್ಟೆ ಸ್ವಲ್ಪ ಜಾಸ್ತಿ” ಎಂದೆ. ಎಲ್ಲರೂ ನಕ್ಕರು. ಸೆರೀನೆಯವರು ಬಾನಿಗೆ ಮೂಗಿಟ್ಟು ಇದೇನು ವಾಸನೆ ಎಂದರು. ಜುನಿಪರ್ ಎಂದೆ. ಅದು ನಿಜ.

ಹಡಗು ಹತ್ತಿದ ಮೇಲೆ ಅದನ್ನೇ ಯೋಚಿಸುತ್ತಿದ್ದೆ. ನಾನು ನಾಚಿಕೆಪಡುವ ಕೆಲಸ ಮಾಡುತ್ತಿದ್ದೇನೆ ಎಂದು ಈ ವಯಸ್ಸಿನವರೆಗೂ ನನಗೆ ಗೊತ್ತಿರಲಿಲ್ಲ. ಅಷ್ಟೆ. ಇನ್ನು ಆ ಮಾತು ಎತ್ತುವುದಿಲ್ಲ.

ಮುಂದಿನ ವಾರದ ಸರಕು ಹಡಗಿನಲ್ಲಿ ಹಂಡೆ, ಬಾನಿ ಹಾಕಿಸು. ಬರೀ ಬಿಸಿನೀರಲ್ಲಿ ತೊಳೆದರೆ ಸಾಕು. ಅದನ್ನು ನಿನಗೆ ಹೇಳಬೇಕಾಗಿಲ್ಲ.

ಅಪ್ಪ

———

ಮಾಂಡಾಲ್
೧೨ ಜುಲೈ ೧೯೫೯

ಪ್ರೀತಿಯ ಅಪ್ಪ,

ಹಂಡೆ, ಬಾನಿ ಎರಡನ್ನೂ ಗುರುವಾರ ಹಡಗಿಗೆ ಹಾಕಿಸಿದೆವು. ಚೆನ್ನಾಗಿ ತೊಳೆದಿದೆ.

ಇಲ್ಲಿ ತುಂಬ ಬಿಸಿಲು. ಮದುವೆಯ ಬಿಳಿ ಮೇಜುಬಟ್ಟೆಗಳೆಲ್ಲ ಒಂದೇ ಮಧ್ಯಾಹ್ನದಲ್ಲಿ ಒಣಗಿದವು. ಮೀನು ಈ ವರ್ಷ ಕಡಿಮೆಯಂತೆ. ನಿನ್ನ ಕ್ಷೇಮ ಕೇಳಿದೆ ಎಂದು ತಿಳಿಸಲು ಟೊನ್ನೆಸ್ ಹೇಳಿದ. ನಾವು ಹೊಸ ಪರದೆ ಹಾಕಿದ್ದೇವೆ, ನೀಲಿ.

ಬಾನಿ ಬಂದ ಮೇಲೆ ಬರೆ.

ಸಿನ್ನೆವಾ

———

ಬ್ರೆಕ್ಕೆ
೬ ಡಿಸೆಂಬರ್ ೧೯೫೯

ಸಿನ್ನೆವಾ,

ನಿನ್ನ ಅತ್ತೆ ಬರೆಯುತ್ತಿದ್ದೇನೆ. ನಿನ್ನ ಅಪ್ಪ ಬರೆಯುವುದಿಲ್ಲ, ಬರೆದರೂ ಇದನ್ನು ಬರೆಯುವುದಿಲ್ಲ. ನಾನು ಬರೆದದ್ದು ಅವನಿಗೆ ಗೊತ್ತಾಗುವುದು ಬೇಡ.

ಕ್ರಿಸ್‌ಮಸ್ ಬಿಯರ್ ಕಾಯಿಸಿದ. ಈ ಸಲ ದೊಡ್ಡ ಹಂಡೆಯಲ್ಲೇ ಕಾಯಿಸಿ ಇಡೀ ಊರಿಗೆ ಕುಡಿಸುತ್ತೇನೆ, ಮದುವೆಯಲ್ಲಿ ಕುಡಿಸಲಿಲ್ಲವಲ್ಲ ಎಂದ. ಜುನಿಪರ್ ಕೊಂಬೆ ತಂದ, ಕಟ್ಟಿಗೆ ಸೀಳಿದ, ಬೆಳಗಿನಿಂದ ಒಲೆ ಮುಂದೆಯೇ ಕೂತ. ರಸ ಆರಿದ ಮೇಲೆ ಬಾನಿಗೆ ಸುರಿದು ಹುದುಗು ಹಾಕಿ, ಹುದುಗು ಚೆನ್ನಾಗಿ ಏಳಲಿ ಎಂದು ಪದ್ಧತಿಯ ಪ್ರಕಾರ ಅದರ ಮೇಲೆ ಜೋರಾಗಿ ಕೂಗಿಯೂ ಬಂದ. ನಾಯಿ ಹೆದರಿ ಓಡಿಹೋಯಿತು. ಮದುವೆಯ ನಂತರ ಅವನು ಅಷ್ಟು ಗೆಲುವಾಗಿದ್ದನ್ನು ನಾನು ನೋಡಿದ್ದು ಅವತ್ತೇ.

ತುಂಬುವ ದಿನ ಗೊತ್ತಲ್ಲ. ಬಾನಿಯಿಂದ ಪೀಪಾಯಿಗೆ ಇಳಿಸುವಾಗ ಕರೆಯದೆಯೇ ಎಲ್ಲರೂ ಬರುತ್ತಾರೆ, ಕುಡಿದವನು ಕಾಯಿಸಿದವನ ಮುಖ ನೋಡಿ ರುಚಿ ಹೇಳಲೇಬೇಕು. ಒಲೆಮನೆ ತುಂಬಿತ್ತು. ಬಟ್ಟಲಿಗೆ ಹೊಯ್ದರೆ ನೊರೆಯೇ ಇಲ್ಲ. ಕೆರೆಯ ನೀರಿನ ಹಾಗೆ ನಿಂತಿತು. ನಿನ್ನ ಅಪ್ಪ ಇನ್ನೊಂದು ಬಟ್ಟಲು ತೆಗೆದ, ಅದೂ ಹಾಗೆಯೇ. ಮೊದಲು ಕುಡಿದವನು ಯೆರ್ಮುನ್. ಬಾಯಲ್ಲಿಟ್ಟುಕೊಂಡ, ನುಂಗಿದ, ನೆಲ ನೋಡಿದ.

“ಹೇಳೋ ಯೆರ್ಮುನ್” ಎಂದ ನಿನ್ನ ಅಪ್ಪ.

“ಶುದ್ಧವಾಗಿದೆ ಮೊನ್ಸಣ್ಣ. ಭಾಳ ಶುದ್ಧವಾಗಿದೆ.”

ಹಿಂದಿನಿಂದ ಯಾರೋ, “ಒಳಗಿಂದ ಸ್ನಾನ ಮಾಡಿಸ್ದಂಗಾಯ್ತು!” ಎಂದರು. ಒಬ್ಬರು ನಕ್ಕರು, ಆಮೇಲೆ ಯಾರೂ ನಗಲಿಲ್ಲ.

ಬಾನಿಯನ್ನು ಸಾಬೂನಿನಿಂದ ತೊಳೆದವರು ಯಾರು ಎಂದು ಎಲ್ಲರೂ ನನ್ನನ್ನು ನೋಡಿದರು. ಮನೆಯಲ್ಲಿ ಇರುವ ಹೆಂಗಸು ನಾನೊಬ್ಬಳೇ ತಾನೆ. ಸೌಟು ಹಿಡಿದು ನಿನಗೆ ಬುದ್ಧಿ ಕಲಿಸಿದವಳು ನಾನು! ಬಾಯಿ ತೆರೆಯುವಷ್ಟರಲ್ಲಿ ನಿನ್ನ ಅಪ್ಪ, “ನಾನೇ ಕಣ್ರಪ್ಪಾ. ಬೇಸಿಗೇಲಿ ಮರೆತು ಸಾಬೂನು ಹಾಕ್ಬಿಟ್ಟೆ” ಎಂದುಬಿಟ್ಟ.

ಸಾಬೂನು ಹಾಕಿದ್ದು ಅವನಲ್ಲ, ನಾನೂ ಅಲ್ಲ. ಬಾನಿ ಈ ಮನೆ ಬಿಟ್ಟು ಹೋಗಿದ್ದು ಒಂದೇ ಊರಿಗೆ. ಹಡಗಿನಿಂದ ಬಂದಾಗ ಅವನಿಗೆ ವಾಸನೆ ಬಡಿಯಲಿಲ್ಲ ಎಂದರೆ ನಾನು ನಂಬುವುದಿಲ್ಲ. ನನ್ನ ಮಗಳು ಹಾಗೆ ಮಾಡಿರಲಾರಳು ಎಂದು ತನ್ನ ಮೂಗನ್ನೇ ನಂಬದೆ ಹೋದ.

ಬಂದವರು ಬೇಗ ಬೇಗ ಎದ್ದು ಹೋದರು. ಮೊನ್ಸ್‌ಗೆ ವಯಸ್ಸಾಯಿತು, ಮರೆವು ಬಂತು ಎಂದು ಊರೆಲ್ಲ ಮಾತು. ಮುಂದಿನ ತಿಂಗಳು ಕೆರೆಯಾಚೆ ನಡೆಯುವ ಮದುವೆಗೆ ಬಿಯರ್ ಕಾಯಿಸಲು ಯೆರ್ಮುನ್‌ನನ್ನು ಕರೆದಿದ್ದಾರೆ. ಅರ್ಧಹಂಡೆ ಯೆರ್ಮುನ್‌ನನ್ನು! ನಿನ್ನ ಅಪ್ಪ ಬಿಯರನ್ನೆಲ್ಲ ಹಿತ್ತಲಿಗೆ ಸುರಿದ. ಬಾನಿಯಲ್ಲಿ ಈಗ ಆಲೂಗಡ್ಡೆ ತುಂಬಿದ್ದೇವೆ. ತಾಮ್ರಕ್ಕೆ ಬೂದಿ ಹಾಕಿ ಉಜ್ಜಿದರೆ ಸಾಬೂನು ಹೋಗುತ್ತದೆ. ಮರ ಕುಡಿದದ್ದನ್ನು ಬಿಡುವುದಿಲ್ಲ.

ಅವನು ಹುಟ್ಟಿದಾಗಿನಿಂದ ನೋಡುತ್ತಿದ್ದೇನೆ. ಅವನು ಹೇಳಿದ್ದು ಎರಡೇ ಸುಳ್ಳು. ಎರಡೂ ಈ ವರ್ಷ, ಎರಡೂ ನಿನಗೋಸ್ಕರ.

ನಿನ್ನ ಅತ್ತೆ,
ರಾಗ್ನಾ

———

ಮಾಂಡಾಲ್
೧೦ ಜನವರಿ ೧೯೬೦

ಅಪ್ಪ,

ಅತ್ತೆ ನನಗೆ ಬರೆದಿದ್ದಾಳೆ. ಅವಳನ್ನು ಬಯ್ಯಬೇಡ.

ಸಾಬೂನು ಹಾಕಿದ್ದು ನಾನು. ನೀವು ಹಡಗು ಹತ್ತಿದ ದಿನ ಮಧ್ಯಾಹ್ನ ಮಂದಿರದ ಅಂಗಳದಲ್ಲಿ ಹೆಂಗಸರೆಲ್ಲ ಸೇರಿದರು. ಮೇಜುಬಟ್ಟೆಗಳ ರಾಶಿ ಬಿದ್ದಿತ್ತು. “ಒಗೆಯೋ ಹಂಡೆ ಇಲ್ಲೇ ಇದೆಯಲ್ಲ” ಎಂದರು ಯಾರೋ. ಹಂಡೆಯಲ್ಲಿ ನೀರು ಕಾಯಿಸಿ ಬಾನಿಗೆ ಹೊಯ್ದರು. ಸೆರೀನೆ ಹಸಿರು ಸಾಬೂನಿನ ಡಬ್ಬಿ ತಂದು ನನ್ನ ಕೈಗೆ ಕೊಟ್ಟು, “ನಿಮ್ಮೂರ ಬಾನಿ, ನೀನೇ ಹಾಕು” ಎಂದರು. ಡಬ್ಬಿ ಹಿಡಿದು ನಿಂತೆ. ಬೇಡ ಎನ್ನಲು ಒಂದು ಮಾತು ಸಾಕಿತ್ತು. ಅದನ್ನು ಹೇಳಿದರೆ ಮಿಕ್ಕದ್ದೆಲ್ಲ ಹೇಳಬೇಕಾಗುತ್ತಿತ್ತು. ಹಾಕಿದೆ. ಮೊಣಕೈವರೆಗೆ ಕೈ ಇಳಿಸಿ ಕಲಕಿದೆ. ಕಲಕುವಾಗ ಜುನಿಪರ್ ವಾಸನೆ ಒಂದು ಸಲ ಮೇಲೆ ಬಂತು, ಆಮೇಲೆ ಬರಲಿಲ್ಲ.

ನಿನಗೆ ಬರೆದು ಎಚ್ಚರಿಸಬಹುದಿತ್ತು. ಚೆನ್ನಾಗಿ ತೊಳೆದಿದೆ ಎಂದು ಬರೆದೆ. ಬಾನಿ ಬಂದ ಮೇಲೆ ಬರೆ ಎಂದೂ ಬರೆದೆ. ನೀನು ಏನೂ ಹೇಳದಿದ್ದಾಗ ತಪ್ಪಿಸಿಕೊಂಡೆ ಎಂದು ಸಮಾಧಾನಪಟ್ಟೆ. ಇಂಥ ಮಗಳನ್ನು ನೀನು ಸಾಕಿದ್ದು.

ಮೊನ್ನೆ ಸೆರೀನೆಯ ಬಳಿ ಹೋಗಿ ಎಲ್ಲವನ್ನೂ ಹೇಳಿದೆ. ನನ್ನ ಅಪ್ಪ ಬಿಯರ್ ಕಾಯಿಸುತ್ತಾನೆ, ಅದು ಬಿಯರಿನ ಹಂಡೆ, ಬಿಯರಿನ ಬಾನಿ ಎಂದೆ. ಅವರು ಹೆಣೆಯುವುದನ್ನು ನಿಲ್ಲಿಸಲಿಲ್ಲ.

“ಗೊತ್ತಿತ್ತು ಕಣಮ್ಮ” ಎಂದರು.

“ಗೊತ್ತಿತ್ತಾ?”

“ನಾನು ಸೇಟೆಸ್‌ದಾಲ್ ಕಣಿವೆಯೋಳು. ನಮ್ಮಪ್ಪನೂ ಕಾಯಿಸ್ತಿದ್ದ. ನಿಮ್ಮಪ್ಪನ ಬಾನಿಗೆ ಮೂಗಿಟ್ಟಾಗಲೇ ನಮ್ಮನೆ ಒಲೆ ಮುಂದೆ ನಿಂತಂಗಾಯ್ತು. ಸಾಲ್ವೆಗೆ ಇವತ್ತಿನವರೆಗೂ ಹೇಳಿಲ್ಲ.”

“ಮತ್ತೆ ಸಾಬೂನು ಯಾಕೆ ಕೊಟ್ರಿ?”

“ಈಗಲಾದ್ರೂ ಬಾಯಿ ಬಿಡ್ತೀಯಾ ಅಂತ ನೋಡ್ತಿದ್ದೆ. ನೀನು ಬಿಟ್ಟಿದ್ರೆ ನಾನೂ ಬಿಡ್ತಿದ್ದೆ ಅನ್ಸತ್ತೆ. ನೀನು ಹಾಕ್ಬಿಟ್ಟೆ. ನಾನೂ ಸುಮ್ನಾದೆ.”

ಆಮೇಲೆ ಅವರು ಅತ್ತರು. ನನಗೆ ಅಳುವ ಯೋಗ್ಯತೆಯೂ ಇಲ್ಲ ಎನಿಸಿತು.

ಅಪ್ಪ, ನಿನಗೆ ಬಂದ ಕೆಟ್ಟ ಹೆಸರನ್ನು ನಾನು ತೆಗೆಯಬೇಕು. ಇದರೊಳಗೆ ಇನ್ನೊಂದು ಹಾಳೆ ಇದೆ, ಅದು ಊರವರಿಗೆ. ಸಾಬೂನು ಹಾಕಿದ್ದು ಮೊನ್ಸ್ ಅಲ್ಲ, ಅವನ ಮಗಳು, ಯಾಕೆ ಹಾಕಿದಳು ಎಂಬುದೆಲ್ಲ ಬರೆದಿದ್ದೇನೆ. ಮುಂದಿನ ತುಂಬುವ ದಿನ ರಾಗ್ನಾ ಅತ್ತೆ ಅದನ್ನು ಎಲ್ಲರ ಮುಂದೆ ಓದಲಿ.

ಸಿನ್ನೆವಾ

———

ಬ್ರೆಕ್ಕೆ
೧೪ ಫೆಬ್ರವರಿ ೧೯೬೦

ಸಿನ್ನೆವಾ,

ನಿನ್ನ ಪತ್ರ ಬಂದು ತುಂಬ ದಿನವಾಯಿತು. ಬೇಕೆಂದೇ ತಡಮಾಡಿದೆ. ಸಿಟ್ಟು ಬಂದಿತ್ತು. ಬರಲಿಲ್ಲ ಎಂದರೆ ಅದು ಮೂರನೆಯ ಸುಳ್ಳಾಗುತ್ತದೆ, ಮೊದಲೆರಡನ್ನು ನನ್ನೆದುರೇ ಎಣಿಸಿದ ರಾಗ್ನಾ ಬಾಯಿಗೆ ಇನ್ನೊಂದು ತುತ್ತು. ಬಾನಿ ಹೋಯಿತು ಎಂದಲ್ಲ. ನಾಲ್ಕು ತಲೆಮಾರು ಬಾಳಿತು, ಆಲೂಗಡ್ಡೆಯಾದರೂ ತಂಪಾಗಿದೆ. ಆ ಅಂಗಳದಲ್ಲಿ ಡಬ್ಬಿ ಹಿಡಿದು ನಿಂತಾಗ ನೀನು ಒಬ್ಬಳೇ ಇದ್ದೆ ಎಂದು ಸಿಟ್ಟು. ಮದುವೆ ಮನೆಯಲ್ಲಿ ನಾನು ಹೌದಮ್ಮ ಎನ್ನದೆ ನಿಜ ಹೇಳಿದ್ದರೆ ನೀನು ಅಲ್ಲಿ ನಿಲ್ಲುತ್ತಿರಲಿಲ್ಲ. ಸುಳ್ಳನ್ನು ಶುರುಮಾಡಿದ್ದು ನೀನು, ಅದಕ್ಕೆ ಕಾಲು ಕೊಟ್ಟಿದ್ದು ನಾನು. ನಗಿಸಿ ತೇಲಿಸಿಬಿಟ್ಟೆ.

ಯೆರ್ಮುನ್ ಬಂದಿದ್ದ. ಕೆರೆಯಾಚೆಯ ಮದುವೆಯ ಬಿಯರ್ ಚೆನ್ನಾಗಿಯೇ ಆಯಿತಂತೆ. “ಮೊನ್ಸಣ್ಣ, ನನ್ ಬಾನಿ ತಗೊ. ಹುದುಗೂ ತಂದಿದೀನಿ. ನನ್ನನ್ನ ಅರ್ಧಹಂಡೆ ಅಂತ ಕರೆಯೋಕೆ ನೀನು ಒಲೆ ಮುಂದೆ ಇಲ್ದಿದ್ರೆ ಬೇಜಾರು ಕಣೋ” ಎಂದ. ಹುದುಗು ಕೊಡಲು ಬಂದವನಿಗೆ ಬೇಡ ಎನ್ನಬಾರದು ಎಂಬುದು ನಮ್ಮ ಕಡೆಯ ಪದ್ಧತಿ. ತೆಗೆದುಕೊಂಡೆ. ಈಸ್ಟರ್‌ಗೆ ಕಾಯಿಸುತ್ತೇನೆ.

ಊರವರಿಗೆಂದು ನೀನು ಬರೆದ ಹಾಳೆಯನ್ನು ರಾಗ್ನಾ ಕೈಯಿಂದ ತೆಗೆದು ಒಲೆಗೆ ಹಾಕಿದೆ. ಓದಿಯೇ ಹಾಕಿದೆ. ಚೆನ್ನಾಗಿ ಬರೆದಿದ್ದೆ. ನಮ್ಮಲ್ಲಿ ಬಟ್ಟಲು ಹಿಡಿದವನು ಕಾಯಿಸಿದವನ ಮುಖ ನೋಡಿ ಹೇಳಬೇಕು, ಇದೂ ಹಾಗೆಯೇ. ನಿನ್ನ ಅತ್ತೆಯ ಬಾಯಲ್ಲಿ ಹೇಳಿಸಿದರೆ ಅದು ಅವಳ ಮಾತಾಗುತ್ತದೆ. ನೀನೇ ಬಾ.

ಈಗ ಒಂದು ವಿಷಯ ತೀರ್ಮಾನವಾಗಬೇಕು, ಅದನ್ನು ನಿನಗೇ ಬಿಡುತ್ತೇನೆ. ಅಜ್ಜನ ಹಂಡೆಯಲ್ಲಿ ಕಾಯಿಸಿದರೆ ನಮ್ಮ ಮನೆಗೆ ಮಾತ್ರ ಸಾಕಾಗುತ್ತದೆ. ಯಾರನ್ನೂ ಸೇರಿಸುವುದು ಬೇಡ. ನಾನು, ನೀನು, ಅತ್ತೆ ಮೂವರೇ ಕೂತು ಕುಡಿದು, ಇದನ್ನೆಲ್ಲ ಇಲ್ಲಿಗೆ ಮುಗಿಸಬಹುದು. ನನ್ನ ಮಟ್ಟಿಗೆ ಅದು ಸಾಕು, ನಿಜವಾಗಿಯೂ ಸಾಕು. ಊರು ನನಗೆ ಮರೆವು ಬಂದಿದೆ ಎಂದುಕೊಂಡರೆ ಅಂದುಕೊಳ್ಳಲಿ. ದೊಡ್ಡ ಹಂಡೆಗೆ ಉರಿ ಹಾಕಿದರೆ ಹೊಗೆ ಕೆರೆಯಾಚೆಗೂ ಕಾಣುತ್ತದೆ, ತುಂಬುವ ದಿನ ಎಲ್ಲರೂ ಬರುತ್ತಾರೆ.

ಯಾವುದಕ್ಕೆ ಉರಿ ಹಾಕಲಿ, ಬರೆ. ಬಾರ್ಲಿ ಎಷ್ಟು ನೆನೆಹಾಕಬೇಕು ಎಂದು ಗೊತ್ತಾಗಬೇಕು.

ಅಪ್ಪ

———

ಮಾಂಡಾಲ್
೨೮ ಫೆಬ್ರವರಿ ೧೯೬೦

ಅಪ್ಪ,

ದೊಡ್ಡದಕ್ಕೆ.

ನೊರೆಗೆ ನಾಲ್ಕು ಬೆರಳು ಜಾಗ ಬಿಡು. ಸೆರೀನೆಯವರೂ ಬರುತ್ತಾರಂತೆ. ಎಲ್ಲಿಗೆ, ಏತಕ್ಕೆ ಎಂದು ಸಾಲ್ವೆಗೆ ನಿನ್ನೆ ಊಟದ ಹೊತ್ತಿಗೆ ಅವರೇ ಹೇಳಿದರು. ನಾನು ಅವರ ಪಕ್ಕದಲ್ಲಿ ಕೂತಿದ್ದೆ.

ನಿನ್ನ ಮಗಳು,
ಸಿನ್ನೆವಾ